ಒಳ್ಳೆಯವರಿಗೇ ಯಾಕೆ ಹೀಗೆ? ಕಷ್ಟ, ದೇವರ ನ್ಯಾಯ ಮತ್ತು ಯೋಬನ ಗೆಳೆಯರು

ತುಂತುರು

ಎಲ್ಲರಿಗೂ ವಂದನೆಗಳು. ಒಂದು ವಿಷಯ ತಲೆ ಕೊರೆಯುತ್ತಿದೆ, ಬಲ್ಲವರು ಹೇಳಿ.

ನಮ್ಮ ಚರ್ಚಿನ ಸಭೆಗೆ ಸೇರಿದ ಒಂದು ಮನೆಯಲ್ಲಿ ಪುಟ್ಟ ಮಗುವಿಗೆ ರಕ್ತದ ಕ್ಯಾನ್ಸರ್ ಬಂದಿದೆ. ಎಲ್ಲರೂ ಸೇರಿ ಪ್ರಾರ್ಥನೆಗೆ ಹೋಗಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ಹಿರಿಯರೊಬ್ಬರು ತಾಯಿಯ ಹತ್ತಿರ ಕೂತು, "ಸಿಸ್ಟರ್, ಅರಿಕೆ ಮಾಡದ ಪಾಪ ಏನಾದರೂ ಮನೆಯಲ್ಲಿ ಉಳಿದಿದೆಯಾ, ಸ್ವಲ್ಪ ಯೋಚನೆ ಮಾಡಿ ನೋಡಿ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡೇ ಹೇಳಿದರು. ಆಕೆ ಉತ್ತರ ಕೊಡಲಿಲ್ಲ. "ಮಾತ್ರೆ ಕೊಡೋ ಹೊತ್ತಾಯ್ತು" ಎಂದು ಎದ್ದು ಒಳಗೆ ಹೋದರು.

ದೇವರು ನ್ಯಾಯವಂತ ಎಂದು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು ನಾನು. ಹಾಗಾದರೆ ಈ ಕಾಯಿಲೆ ಶಿಕ್ಷೆಯಾ? ಶಿಕ್ಷೆ ಅಲ್ಲ ಅಂದರೆ, ನ್ಯಾಯವಂತನಾದ ದೇವರ ಲೋಕದಲ್ಲಿ ಇದಕ್ಕೆ ಜಾಗ ಎಲ್ಲಿ? ದಯವಿಟ್ಟು "ಎಲ್ಲಾ ದೇವರ ಚಿತ್ತ" ಎಂದು ಒಂದೇ ಸಾಲಲ್ಲಿ ಮುಗಿಸಬೇಡಿ. ಆ ಸಾಲು ನನಗೂ ಗೊತ್ತು.

ಹಳೇಪೆನ್ಸಿಲ್

ಆ ಹಿರಿಯರ ಮಾತು ಹೊಸದೇನಲ್ಲ ತಂಗಿ, ಬೈಬಲ್‌ನಲ್ಲೇ ಇದೆ. ಯಾರ ಬಾಯಲ್ಲಿ ಇದೆ ಅನ್ನೋದನ್ನು ಮಾತ್ರ ನೋಡಬೇಕು. ಯೋಬನ ಪುಸ್ತಕದ 8ನೇ ಅಧ್ಯಾಯ ತೆಗೆಯಿರಿ. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆ ಯೋಬನ ಎದುರು ಕೂತು ಅವನ ಗೆಳೆಯ ಬಿಲ್ದದ ಏನು ಹೇಳುತ್ತಾನೆ? ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದರ ಫಲ ಉಂಡರು, ನೀನಾದರೂ ದೇವರ ಕಡೆ ತಿರುಗಿಕೊ, ಎಲ್ಲ ಸರಿಹೋಗುತ್ತೆ. ದನಿ ಕೂಡ ಅದೇ, ಮೆತ್ತಗೆ, ಹಿತ ಬಯಸುವವನ ಹಾಗೆ.

ಯೋಬನ ಪುಸ್ತಕ ಓದಿದ್ದೇವೆ ಎನ್ನುವವರಲ್ಲಿ ಬಹಳ ಜನ ಮೊದಲ ಎರಡು ಅಧ್ಯಾಯ, ಕೊನೆಯ ಅಧ್ಯಾಯ ಓದಿ ಮುಚ್ಚಿರುತ್ತಾರೆ. ಮೇಲೆ "ಯೋಬನ ತಾಳ್ಮೆ" ಅಂತ ಬಿರುದು ಬೇರೆ. 3ನೇ ಅಧ್ಯಾಯದಿಂದ ಓದಿ ನೋಡಿ, ಮೊದಲ ಮಾತೇ ಹುಟ್ಟಿದ ದಿನಕ್ಕೆ ಶಾಪ. ಆಮೇಲೆ ದೇವರಿಗೇ ಸವಾಲು. ನನಗೂ ನಿನಗೂ ನಡುವೆ ನ್ಯಾಯ ಹೇಳುವ ಮಧ್ಯಸ್ಥ ಒಬ್ಬನಿಲ್ಲವಲ್ಲ ಎಂದು 9ನೇ ಅಧ್ಯಾಯದಲ್ಲಿ ಕೂಗುತ್ತಾನೆ. ಗೆಳೆಯರನ್ನು ಕೆಲಸಕ್ಕೆ ಬಾರದ ವೈದ್ಯರು ಎಂದು ಬೈಯುತ್ತಾನೆ.

ಗೆಳೆಯರ ವಾದ ಸರಳ. ದೇವರು ನ್ಯಾಯವಂತ, ನೀನು ನರಳುತ್ತಿದ್ದೀಯ, ಅಂದಮೇಲೆ ನೀನು ತಪ್ಪು ಮಾಡಿದ್ದೀಯ. ಯೋಬ ಒಪ್ಪುವುದಿಲ್ಲ. ಆಗ ಏನಾಗುತ್ತೆ ಅನ್ನೋದನ್ನು 22ನೇ ಅಧ್ಯಾಯದಲ್ಲಿ ನೋಡಿ. ಎಲೀಫಜ ಎಂಬ ಇನ್ನೊಬ್ಬ ಗೆಳೆಯ ಆರೋಪಗಳನ್ನು ಹುಟ್ಟಿಸತೊಡಗುತ್ತಾನೆ. ನೀನು ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದೆ, ಬಾಯಾರಿದವನಿಗೆ ನೀರು ಕೊಡಲಿಲ್ಲ, ಬಡವನ ಬಟ್ಟೆ ಅಡವಿಟ್ಟುಕೊಂಡೆ. ಒಂದೂ ನಡೆದದ್ದಲ್ಲ. ಕಥೆಯ ಮೊದಲ ಸಾಲಿನಲ್ಲೇ ಯೋಬ ನಿರ್ದೋಷಿ ಎಂದು ಬರೆದಿದೆ. ತನ್ನ ಸಿದ್ಧಾಂತ ಉಳಿಸಿಕೊಳ್ಳಲು ಎಲೀಫಜ ಗೆಳೆಯನ ಮಾನ ಕಳೆದ. ಈ ಭಾಗ ಓದುವಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಕೊನೆಗೆ ದೇವರು ಯಾರ ಮೇಲೆ ಸಿಟ್ಟಾಗುತ್ತಾನೆ? 42:7 ಓದಿ. ಎಲೀಫಜನ ಮೇಲೆ, ಅವನ ಇಬ್ಬರು ಗೆಳೆಯರ ಮೇಲೆ. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ದೇವರ ಪರ ವಕಾಲತ್ತು ಮಾಡಿದವರು ತಪ್ಪಿತಸ್ಥರಾದರು, ದೇವರ ಮೇಲೇ ಕೂಗಾಡಿದವನು ಸರಿ ಅನ್ನಿಸಿಕೊಂಡ. ನಾವು ಸಭೆಗಳಲ್ಲಿ ಇದನ್ನು ಇನ್ನೂ ಅರಗಿಸಿಕೊಂಡಿಲ್ಲ.

ಪ್ರಶ್ನೆಚಿಹ್ನೆ

ನಾನು ನಂಬಿಕೆಯವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಪೆನ್ಸಿಲ್ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಶುರುವಿನ ಎರಡು ಅಧ್ಯಾಯ ಬಿಟ್ಟು ಓಡಿದ್ದೀರಿ. ಅಲ್ಲಿ ದೇವರಿಗೂ ಸೈತಾನನಿಗೂ ಒಂದು ಥರ ಪಂದ್ಯ. ಆ ಪಂದ್ಯಕ್ಕೆ ಹತ್ತು ಮಕ್ಕಳು ಸತ್ತರು. ಕೊನೆಗೆ ಬೇರೆ ಹತ್ತು ಮಕ್ಕಳು ಹುಟ್ಟಿದರು, ಲೆಕ್ಕ ಸರಿಹೋಯಿತು. ಯಾವ ತಂದೆಗೆ ಹೀಗೆ ಲೆಕ್ಕ ಸರಿಹೋಗುತ್ತೆ?

ಹಳೇಪೆನ್ಸಿಲ್

ಸರಿಹೋಗಲ್ಲ. ಸರಿಹೋಯಿತು ಎಂದು ಆ ಪುಸ್ತಕವೂ ಹೇಳುವುದಿಲ್ಲ. ಕುರಿಗಳು 7,000 ಇದ್ದದ್ದು 14,000 ಆದವು, ಒಂಟೆ, ಎತ್ತು, ಕತ್ತೆ ಎಲ್ಲ ಎರಡರಷ್ಟಾದವು. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಸತ್ತವರು ಕಳೆದುಹೋದ ಸ್ವತ್ತಲ್ಲ, ದೇವರ ಬಳಿ ಇನ್ನೂ ಇದ್ದಾರೆ, ಹಾಗಾಗಿ ಇದೂ ಎರಡರಷ್ಟೇ ಎಂದು ವಿವರಿಸಿದವರಿದ್ದಾರೆ. ನನಗೆ ಅದು ತುಸು ಜಾಣತನ ಅನ್ನಿಸುತ್ತೆ. ಎಲ್ಲ ಮರಳಿ ಬಂದ ಮೇಲೂ ಅಣ್ಣತಮ್ಮಂದಿರು, ಅಕ್ಕತಂಗಿಯರು ಬಂದು ಊಟಕ್ಕೆ ಕೂತು ಯೋಬನನ್ನು ಸಂತೈಸಿದರು ಎಂದು 42:11ರಲ್ಲಿ ಇದೆ. ಸಂತೈಸಬೇಕಾಗಿತ್ತು ಅಂದರೆ ದುಃಖ ಹೋಗಿರಲಿಲ್ಲ ಅಂತ ತಾನೇ?

ಪಂದ್ಯದ ವಿಷಯ. ಅದನ್ನು ನಾನು ಸಮರ್ಥಿಸಲು ಹೋಗಲ್ಲ. ಒಂದು ಮಾತು ಮಾತ್ರ. ಸ್ವರ್ಗದಲ್ಲಿ ನಡೆದ ಆ ಮಾತುಕತೆಯನ್ನು ದೇವರು ಯೋಬನಿಗೆ ಕೊನೆವರೆಗೂ ತಿಳಿಸುವುದಿಲ್ಲ. 38ನೇ ಅಧ್ಯಾಯದಲ್ಲಿ ಬಿರುಗಾಳಿಯೊಳಗಿಂದ ಮಾತಾಡುವಾಗ ಇದಕ್ಕಾಗಿ ಹೀಗೆ ಮಾಡಿದೆ ಅನ್ನಬಹುದಿತ್ತು, ಅನ್ನಲಿಲ್ಲ. ಬದಲು ಪ್ರಶ್ನೆಗಳನ್ನೇ ಕೇಳುತ್ತಾನೆ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ, ಕಾಡುಮೇಕೆ ಮರಿ ಹಾಕುವುದನ್ನು ಕಂಡಿದ್ದೀಯಾ, ಕಾಗೆಮರಿಗಳು ಹಸಿದು ಕೂಗಿದಾಗ ಯಾರು ಉಣಿಸುತ್ತಾರೆ. ಮನುಷ್ಯನೇ ಇಲ್ಲದ ಬಯಲಿನ ಮೇಲೆ ಮಳೆ ಸುರಿಸುವವರು ಯಾರು ಎಂದೂ ಕೇಳುತ್ತಾನೆ. ನನಗೆ ಇದೇ ತುಂಬಾ ಕಾಡುತ್ತೆ. ಯಾರೂ ಇಲ್ಲದ ಕಡೆ ಮಳೆ ಯಾಕೆ? ಅದು ಯಾರ ಪುಣ್ಯಕ್ಕೂ ಬಂದ ಬಹುಮಾನ ಅಲ್ಲ. ಹಾಗೇ ಬರ ಕೂಡ ಯಾರ ಪಾಪಕ್ಕೂ ಕೊಟ್ಟ ರಸೀದಿ ಅಲ್ಲ. ಬೆಟ್ಟದ ಪ್ರಸಂಗದಲ್ಲಿ ಯೇಸು ಇದನ್ನೇ ಇನ್ನೂ ಸರಳವಾಗಿ ಹೇಳಿದ: ಸೂರ್ಯ ಕೆಟ್ಟವರ ಮೇಲೂ ಹುಟ್ಟುತ್ತಾನೆ, ಒಳ್ಳೆಯವರ ಮೇಲೂ ಹುಟ್ಟುತ್ತಾನೆ.

ಮುಂಗೋಳಿ

ಬ್ರದರ್, ನೀವು ನಾಣ್ಯದ ಒಂದೇ ಮುಖ ತೋರಿಸುತ್ತಿದ್ದೀರಿ. ಧರ್ಮೋಪದೇಶಕಾಂಡ 28ರಲ್ಲಿ ವಿಧೇಯತೆಗೆ ಆಶೀರ್ವಾದ, ಅವಿಧೇಯತೆಗೆ ಶಾಪ ಎಂದು ಉದ್ದಕ್ಕೂ ಬರೆದಿದೆ, ರೋಗಗಳ ಹೆಸರು ಸಮೇತ. ರಾಜ ದಾವೀದ ತಪ್ಪು ಮಾಡಿದ, ಹುಟ್ಟಿದ ಮಗು ತೀರಿಕೊಂಡಿತು. ಅನನೀಯ ಮತ್ತು ಸಫೈರ ಸುಳ್ಳು ಹೇಳಿ ಅಲ್ಲೇ ಬಿದ್ದು ಸತ್ತರು. ಪ್ರಭು ಭೋಜನವನ್ನು ಅಯೋಗ್ಯವಾಗಿ ತೆಗೆದುಕೊಂಡಿದ್ದಕ್ಕೆ ಕೊರಿಂಥದಲ್ಲಿ ಹಲವರು ರೋಗಿಗಳಾದರು ಎಂದು ಅಪೊಸ್ತಲ ಪೌಲನೇ ಬರೆದಿದ್ದಾನೆ. ಬಿತ್ತಿದ್ದನ್ನೇ ಕೊಯ್ಯಬೇಕು ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಆ ಹಿರಿಯರು ಹೇಳಿದ ರೀತಿ ಸರಿ ಇಲ್ಲದಿರಬಹುದು. ಆದರೆ ಪಾಪಕ್ಕೂ ಕಷ್ಟಕ್ಕೂ ಸಂಬಂಧವೇ ಇಲ್ಲ ಅಂದರೆ ಅರ್ಧ ಬೈಬಲ್ ಹರಿದು ಹಾಕಿದ ಹಾಗೆ.

ಹಳೇಪೆನ್ಸಿಲ್

ಒಪ್ಪಿದೆ, ಸಂಬಂಧ ಇದೆ. ಕುಡಿದು ಗಾಡಿ ಓಡಿಸಿದವನಿಗೂ ಅವನ ಮುರಿದ ಕಾಲಿಗೂ ಸಂಬಂಧ ಇದೆ. ಆದರೆ ಬಿತ್ತಿದವರು ಕೊಯ್ಯುತ್ತಾರೆ ಅಂದಮಾತ್ರಕ್ಕೆ ಕೊಯ್ಯುತ್ತಿರುವವರೆಲ್ಲ ಬಿತ್ತಿದವರು ಅಂತ ಆಗಲ್ಲ. ಪಾಪದಿಂದ ಕಷ್ಟ ಬರುವುದುಂಟು. ಕಷ್ಟ ನೋಡಿ ಪಾಪ ಹುಡುಕಲು ಹೊರಡುವುದು ಬೇರೆ. ದಾವೀದನ ಬಳಿ ಪ್ರವಾದಿ ನಾತಾನ ಹೋದದ್ದು ಮಗುವಿಗೆ ಕಾಯಿಲೆ ಬಂದಿದೆ, ಏನೋ ಇರಬೇಕು ಎಂಬ ಅನುಮಾನದ ಮೇಲೆ ಅಲ್ಲ. ತಪ್ಪು ಮೊದಲೇ ಗೊತ್ತಿತ್ತು, ಕಳಿಸಿದವನು ದೇವರು, ಕಾಯಿಲೆ ಆಮೇಲೆ ಬಂತು.

ಆ ಮಗುವಿನ ಸಾವು ನನ್ನ ಗಂಟಲಲ್ಲಿ ಇವತ್ತಿಗೂ ಇಳಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಂದೆಯ ಪಾಪವನ್ನು ಮಗ ಹೊರುವುದಿಲ್ಲ ಎಂದು ಯೆಹೆಜ್ಕೇಲ 18ರಲ್ಲಿ ಸ್ಪಷ್ಟವಾಗಿ ಇದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು.

ಇನ್ನು ಯೇಸುವಿನ ಹತ್ತಿರ ಈ ಪ್ರಶ್ನೆ ಎರಡು ಸಲ ನೇರವಾಗಿ ಬಂತು. ಲೂಕ 13ರಲ್ಲಿ ಗಲಿಲಾಯದ ಕೆಲವರನ್ನು ಬಲಿ ಕೊಡುತ್ತಿದ್ದಾಗಲೇ ರೋಮನ್ ಅಧಿಕಾರಿ ಪಿಲಾತ ಕೊಲ್ಲಿಸಿದ ಸುದ್ದಿ ತಂದರು. ಅದು ಮನುಷ್ಯನ ಕ್ರೌರ್ಯ. ಯೇಸು ತಾನಾಗಿಯೇ ಇನ್ನೊಂದು ಸೇರಿಸಿದ, ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತದ್ದು. ಅದು ಅಪಘಾತ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಾ? ಎರಡಕ್ಕೂ ಒಂದೇ ಉತ್ತರ, ಅಲ್ಲ. ನೀವೂ ತಿರುಗಿಕೊಳ್ಳದಿದ್ದರೆ ಹಾಗೇ ನಾಶವಾಗುತ್ತೀರಿ ಎಂದೂ ಸೇರಿಸಿದ. ಬೆರಳು ಸತ್ತವರ ಕಡೆಯಿಂದ ಕೇಳಿದವರ ಕಡೆ ತಿರುಗಿತು.

ಇನ್ನೊಂದು ಯೋಹಾನ 9. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು, ಇವನು ಪಾಪ ಮಾಡಿದನೋ ಇವನ ತಂದೆತಾಯಿಯೋ ಎಂದು ಕೇಳಿದರು. ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾನೆ, ಕಿವಿ ಕೇಳುತ್ತೆ ಅನ್ನೋದೂ ಅವರಿಗೆ ನೆನಪಿಲ್ಲ! ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದ ಯೇಸು. ಆಮೇಲೆ ಬಗ್ಗಿ ಮಣ್ಣು ಕಲಸಿದ. ಆ ಅಧ್ಯಾಯ ಪೂರ್ತಿ ಓದಿದರೆ, ನೀನು ಪಾಪದಲ್ಲೇ ಹುಟ್ಟಿದವನು, ನಮಗೆ ಪಾಠ ಹೇಳ್ತೀಯಾ ಎಂದು ಆ ಕಾಲದ ಧರ್ಮನಿಷ್ಠರಾದ ಫರಿಸಾಯರು ಅವನನ್ನು ಹೊರಗೆ ತಳ್ಳುತ್ತಾರೆ. ಮತ್ತೆ ಅದೇ ಹಳೇ ಸಿದ್ಧಾಂತ. ಯೇಸು ಅವನನ್ನು ಹುಡುಕಿಕೊಂಡು ಹೋಗುತ್ತಾನೆ.

ಅಡ್ಡದಾರಿ

ಇದಕ್ಕಿಂತ ಕರ್ಮ ಸಿದ್ಧಾಂತವೇ ಸುಲಭ ಅಲ್ವಾ? ಮಾಡಿದ್ದುಣ್ಣೋ ಮಹರಾಯ. ಲೆಕ್ಕ ಚುಕ್ತಾ.

ಸಾಲುಮರ

ಕರ್ಮ ಸಿದ್ಧಾಂತವೂ ಒಂದೇ ಸಾಲಿನದಲ್ಲ ಮಾರಾಯರೇ, ಅದರೊಳಗೇ ಶತಮಾನಗಳ ಚರ್ಚೆ ಇದೆ. ಅದನ್ನು ಇಲ್ಲಿ ತೆಗೆದರೆ ದಾರಿ ತಪ್ಪುತ್ತೆ. ಕ್ರೈಸ್ತರ ಮಟ್ಟಿಗೆ ಹೇಳುವುದಾದರೆ, ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯಕಥೆಯಲ್ಲಿ ಕೊನೆಯ ಗಂಟೆಗೆ ಬಂದವನಿಗೂ ಪೂರ್ತಿ ಕೂಲಿ ಸಿಗುತ್ತೆ. ಲೆಕ್ಕ ಚುಕ್ತಾ ಮಾಡುವ ದೇವರು ಅಲ್ಲಿ ಇಲ್ಲ. ಕೃಪೆ ಅಂದರೇನೇ ಲೆಕ್ಕ ತಪ್ಪಿಸುವುದು. ಒಳ್ಳೆಯದು ಬಂದಾಗ "ಕೃಪೆ" ಎಂದು, ಕೆಟ್ಟದ್ದು ಬಂದಾಗ "ಲೆಕ್ಕ" ಎನ್ನುವವರೇ ನಮ್ಮಲ್ಲಿ ಜಾಸ್ತಿ.

ಈ ಪ್ರಶ್ನೆಗೆ ಚರ್ಚಿನ ಇತಿಹಾಸದಲ್ಲಿ ಬಂದ ಉತ್ತರಗಳನ್ನು ಸ್ವಲ್ಪ ಹೇಳುತ್ತೇನೆ. ಬಿಷಪ್ ಅಗಸ್ಟೀನ್ (354–430) ಹೇಳಿದ್ದು, ಕೆಡುಕು ಎನ್ನುವುದು ದೇವರು ಸೃಷ್ಟಿಸಿದ ವಸ್ತು ಅಲ್ಲ, ಒಳ್ಳೆಯದು ಇರಬೇಕಾದ ಕಡೆ ಅದು ಇಲ್ಲದಿರುವುದು. ಮನುಷ್ಯನ ಸ್ವತಂತ್ರ ಇಚ್ಛೆ ದಾರಿ ತಪ್ಪಿ ಲೋಕಕ್ಕೆ ಕೆಡುಕು ಬಂತು. 410ರಲ್ಲಿ ರೋಮ್ ಲೂಟಿಯಾದಾಗ ಕ್ರೈಸ್ತರೂ ಸತ್ತರು, ಅಲ್ಲದವರೂ ಸತ್ತರು. ಒಳ್ಳೆಯವರಿಗೂ ಕೆಟ್ಟವರಿಗೂ ಬರುವ ಕಷ್ಟ ಒಂದೇ ಎಂದು ಆಗ ಆತ ಒಪ್ಪಿಕೊಂಡೇ ಬರೆದ. ಅವನಿಗಿಂತ ಮೊದಲು, ಎರಡನೇ ಶತಮಾನದಲ್ಲಿ, ಐರೇನಿಯಸ್ ಎಂಬ ಬಿಷಪ್ ಬೇರೆ ದಿಕ್ಕಿನಿಂದ ನೋಡಿದ್ದ. ಮನುಷ್ಯ ಪೂರ್ತಿ ಪಕ್ವವಾಗಿ ಹುಟ್ಟಿದವನಲ್ಲ, ಬೆಳೆಯಬೇಕಾದವನು ಎಂದ. ಜಾನ್ ಹಿಕ್ ಎಂಬ ತತ್ವಜ್ಞಾನಿ 1966ರಲ್ಲಿ ಇದನ್ನೇ ವಿಸ್ತರಿಸಿ, ಈ ಲೋಕ ಸುಖ ಉಣ್ಣುವ ಜಾಗ ಅಲ್ಲ, ಆತ್ಮ ರೂಪುಗೊಳ್ಳುವ ಜಾಗ ಎಂದು ವಾದಿಸಿದ.

ದೇವರ ನ್ಯಾಯವನ್ನು ತರ್ಕದಿಂದ ಸಮರ್ಥಿಸುವ ಕೆಲಸಕ್ಕೆ "ಥಿಯೊಡಿಸಿ" ಎಂಬ ಹೆಸರು ಕೊಟ್ಟವನು ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್, 1710ರಲ್ಲಿ. ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಉತ್ತಮ ಎಂದ. 1755ರ ನವೆಂಬರ್ 1ರಂದು ಲಿಸ್ಬನ್‌ನಲ್ಲಿ ಭೂಕಂಪ ಆಯಿತು. ಸಕಲ ಸಂತರ ಹಬ್ಬದ ಬೆಳಗ್ಗೆ, ಜನ ಪೂಜೆಗೆಂದು ಚರ್ಚುಗಳಲ್ಲಿ ತುಂಬಿದ್ದ ಹೊತ್ತು. ಚಾವಣಿಗಳು ಅವರ ಮೇಲೇ ಬಿದ್ದವು. ಆಮೇಲೆ ಸುನಾಮಿ, ಅದರ ಮೇಲೆ ಬೆಂಕಿ. ಫ್ರೆಂಚ್ ಲೇಖಕ ವೋಲ್ಟೇರ್ ಲೈಬ್ನಿಟ್ಸ್‌ನ ಮಾತನ್ನು ಹಿಡಿದು ಚೆನ್ನಾಗಿ ಹಿಂಡಿದ. ಅಲ್ಲಿಂದಾಚೆ ಆ ಸಾಲನ್ನು ಯಾರೂ ಧೈರ್ಯವಾಗಿ ಹೇಳಿದ್ದು ಕಡಿಮೆ.

ಇತ್ತೀಚೆಗೆ 1974ರಲ್ಲಿ ಆಲ್ವಿನ್ ಪ್ಲಾಂಟಿಂಗ ಎಂಬ ತತ್ವಜ್ಞಾನಿ ಸ್ವತಂತ್ರ ಇಚ್ಛೆಯ ವಾದವನ್ನು ಬಿಗಿಯಾಗಿ ಕಟ್ಟಿದ. ಸರ್ವಶಕ್ತ, ಒಳ್ಳೆಯ ದೇವರೂ ಕೆಡುಕೂ ಒಟ್ಟಿಗೆ ಇರುವುದರಲ್ಲಿ ತರ್ಕದ ವಿರೋಧ ಇಲ್ಲ ಎಂದು ತೋರಿಸಿದ. ಒಳ್ಳೆಯ ಕೆಲಸ. ಆದರೆ ನನಗೆ ಇದರ ಮೇಲೆ ಒಂದು ತಕರಾರು ಇದೆ. ಕೊಲೆ, ಯುದ್ಧ, ವಂಚನೆಗೆ ಸ್ವತಂತ್ರ ಇಚ್ಛೆ ಉತ್ತರ ಆದೀತು. ರಕ್ತದ ಕ್ಯಾನ್ಸರ್ ಯಾರ ಇಚ್ಛೆ? ದೆವ್ವಗಳ ಸ್ವತಂತ್ರ ಇಚ್ಛೆ ಇರಬಹುದು ಎಂದು ಪ್ಲಾಂಟಿಂಗ ಒಂದು ಸಾಧ್ಯತೆ ಮುಂದಿಡುತ್ತಾನೆ. ತರ್ಕಕ್ಕೆ ಸಾಕು. ಆಸ್ಪತ್ರೆಯ ವಾರ್ಡಿಗೆ ಸಾಲದು.

ಪ್ರಶ್ನೆಚಿಹ್ನೆ

ಆತ್ಮ ರೂಪುಗೊಳ್ಳುವ ವಾದ ನನಗೆ ಎಲ್ಲಕ್ಕಿಂತ ಕ್ರೂರ ಅನ್ನಿಸುತ್ತೆ. ಆ ಮಗುವಿನ ನೋವಿನಿಂದ ಯಾರ ಆತ್ಮ ಬೆಳೆಯಬೇಕು? ತಂದೆತಾಯಿಯದ್ದಾ? ಹಾಗಾದರೆ ಮಗು ಬರೀ ಪಾಠದ ಸಾಮಗ್ರಿ. ವಿಲಿಯಂ ರೋ ಎಂಬ ತತ್ವಜ್ಞಾನಿ 1979ರಲ್ಲಿ ಒಂದು ಉದಾಹರಣೆ ಕೊಟ್ಟ. ದೂರದ ಕಾಡಿನಲ್ಲಿ ಸಿಡಿಲಿಗೆ ಬೆಂಕಿ ಹತ್ತುತ್ತೆ, ಒಂದು ಜಿಂಕೆಮರಿ ಸುಟ್ಟುಕೊಂಡು ದಿನಗಟ್ಟಲೆ ನರಳಿ ಸಾಯುತ್ತೆ. ನೋಡಿದವರಿಲ್ಲ, ಕಲಿತವರಿಲ್ಲ. ಆ ನರಳಾಟ ಯಾತಕ್ಕೆ? ಪೆನ್ಸಿಲ್ ಸರ್ ಹೇಳಿದ ಯಾರೂ ಇಲ್ಲದ ಕಡೆ ಬೀಳುವ ಮಳೆಯ ಜೊತೆ ಇದನ್ನೂ ಇಟ್ಟುಕೊಳ್ಳಿ.

ಹಳೇಪೆನ್ಸಿಲ್

ಇಟ್ಟುಕೊಂಡೆ. ಉತ್ತರ ನನ್ನಲ್ಲಿಲ್ಲ. ಸೃಷ್ಟಿಯೆಲ್ಲ ಹೆರಿಗೆ ನೋವಿನಲ್ಲಿ ನರಳುತ್ತಿದೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಹೇಳುತ್ತಾನೆ. ಜಿಂಕೆಮರಿಯೂ ಅದರಲ್ಲಿದೆ ಎಂದು ನಂಬುತ್ತೇನೆ. ಲೋಕ ಈಗಿರುವಂತೆ ಸರಿ ಇಲ್ಲ ಎನ್ನುವುದರಲ್ಲಿ ಪೌಲನೂ ನಿಮ್ಮ ಪರವೇ.

ರಾತ್ರಿಪಾಳಿ

ಇಷ್ಟು ಹೊತ್ತು ಓದುತ್ತಿದ್ದೆ. ನಾನು ನರ್ಸ್, ಗುಣವಾಗದ ರೋಗಿಗಳ ವಾರ್ಡಿನಲ್ಲಿ ಕೆಲಸ. ಈ ವಾದಗಳೆಲ್ಲ ನನಗೆ ಇಷ್ಟ, ಆದರೆ ನಮ್ಮಲ್ಲಿ ಇವನ್ನು ಕೇಳುವವರು ರೋಗಿಗಳಲ್ಲ, ನೋಡಲು ಬಂದವರು.

ಒಬ್ಬ ಅಜ್ಜಿ ಇದ್ದರು. ಬಂದವರೆಲ್ಲ 23ನೇ ಕೀರ್ತನೆ ಓದಿ ಹೋಗುತ್ತಿದ್ದರು. ಕರ್ತನು ನನ್ನ ಕುರುಬನು, ಹಸುರುಗಾವಲು, ಎಲ್ಲಾ. ಅಜ್ಜಿ ಸುಮ್ನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ರಾತ್ರಿ ನಾನು ಡ್ರಿಪ್ ಬದಲಿಸುವಾಗ, "88 ಓದಮ್ಮ" ಎಂದರು. ನನಗೆ ಅದು ನೆನಪಿರಲಿಲ್ಲ, ಫೋನಿನಲ್ಲಿ ತೆಗೆದೆ. ಓದುತ್ತಾ ಹೋದರೆ ಎಲ್ಲೂ ಬೆಳಕೇ ಇಲ್ಲ. ನನ್ನ ಮೊರೆ ಕೇಳುತ್ತಿಲ್ಲ, ಯಾಕೆ ಮುಖ ತಿರುಗಿಸಿಕೊಂಡೆ, ಗೆಳೆಯರನ್ನೂ ದೂರ ಮಾಡಿದೆ. ಬೇರೆ ಗೋಳಿನ ಕೀರ್ತನೆಗಳಲ್ಲಿ ಕೊನೆಗೆ "ಆದರೂ ನಿನ್ನನ್ನು ಸ್ತುತಿಸುವೆನು" ಅಂತ ಒಂದು ತಿರುವು ಬರುತ್ತೆ. ಇದರಲ್ಲಿ ಬರಲ್ಲ, ಕತ್ತಲೆಯಲ್ಲೇ ನಿಲ್ಲುತ್ತೆ. ಮುಂದೇನು ಹೇಳುವುದು ತೋಚದೆ ನಿಂತೆ. ಅಜ್ಜಿ ಹೇಳಿದರು: "ಇದನ್ನೂ ದೇವರ ಪುಸ್ತಕದಲ್ಲೇ ಇಟ್ಟಿದ್ದಾರಲ್ಲ, ಅಷ್ಟು ಸಾಕು."

150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ಮೊರೆ. ನಮ್ಮ ಆರಾಧನೆಯ ಹಾಡುಗಳಲ್ಲಿ ಆ ಪ್ರಮಾಣ ಎಷ್ಟಿದೆ ನೋಡಿ. ಎಲ್ಲಾ ಜಯ, ಜಯ. ಅಳುವವರು ಯಾವ ಹಾಡು ಹಾಡಬೇಕು?

ಬಿಳಿಕೊಡೆ

ನಾನು ಕಥೋಲಿಕಳು. ಇಲ್ಲಿ ಇನ್ನೂ ಶಿಲುಬೆಯ ಮಾತು ಬರಲಿಲ್ಲ ಅನ್ನೋದೇ ಆಶ್ಚರ್ಯ. ಕ್ರೈಸ್ತರ ಉತ್ತರ ಏನಾದರೂ ಬೇರೆ ಥರ ಇದ್ದರೆ ಅದು ಅಲ್ಲೇ ಇರಬೇಕು. ದೇವರು ನೋವಿಗೆ ವಿವರಣೆ ಕಳಿಸಲಿಲ್ಲ, ತಾನೇ ಬಂದು ನೋವು ಉಂಡ. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ, ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಅತ್ತ. ಶಿಲುಬೆಯ ಮೇಲೆ "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ" ಎಂದ. ಅದು 22ನೇ ಕೀರ್ತನೆಯ ಮೊದಲ ಸಾಲು. ಯೋಬನ "ಯಾಕೆ" ಈಗ ದೇವರ ಮಗನ ಬಾಯಿಗೇ ಬಂತು. ಅದಕ್ಕೂ ಆ ಹೊತ್ತಿನಲ್ಲಿ ಮೇಲಿನಿಂದ ಉತ್ತರ ಬರಲಿಲ್ಲ.

ಡೀಟ್ರಿಕ್ ಬಾನ್‌ಹಾಫರ್ ಎಂಬ ಜರ್ಮನ್ ಪಾದ್ರಿ ಹಿಟ್ಲರನ ಕಾಲದ ಸೆರೆಮನೆಯಿಂದ ಜುಲೈ 1944ರಲ್ಲಿ ಒಂದು ಕಾಗದ ಬರೆದರು. ನರಳುವ ದೇವರು ಮಾತ್ರ ನಮಗೆ ನೆರವಾಗಬಲ್ಲ ಎಂಬುದು ಅದರ ತಿರುಳು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಎರಡನೇ ಜಾನ್ ಪಾಲ್ ಪೋಪರು 1981ರಲ್ಲಿ ಗುಂಡೇಟು ತಿಂದು ಬದುಕಿದವರು. 1984ರಲ್ಲಿ ಕಷ್ಟದ ಬಗ್ಗೆಯೇ ಒಂದು ಪತ್ರ ಬರೆದು, ನಮ್ಮ ನೋವನ್ನು ಕ್ರಿಸ್ತನ ನೋವಿನ ಜೊತೆ ಸೇರಿಸಬಹುದು ಎಂದರು. ನನ್ನ ಅಮ್ಮ ಕೀಲುನೋವು ಜೋರಾದಾಗೆಲ್ಲ "ಇದನ್ನ ಒಪ್ಪಿಸ್ತೀನಿ" ಅನ್ನುತ್ತಿದ್ದರು. ನಾನು ಅದನ್ನು ನೋಡಿ ಬೆಳೆದವಳು.

ಒಂದು ಎಚ್ಚರಿಕೆ. ಇದು ತನ್ನ ನೋವಿನ ಬಗ್ಗೆ ತಾನು ಹೇಳಿಕೊಳ್ಳಬಹುದಾದ ಮಾತು. ಇನ್ನೊಬ್ಬರಿಗೆ "ನಿನ್ನ ನೋವನ್ನು ಒಪ್ಪಿಸು" ಎಂದು ಬುದ್ಧಿ ಹೇಳಿದರೆ ಗಾಯದ ಮೇಲೆ ಬರೆ.

ಮುಂಗೋಳಿ

ಸಿಸ್ಟರ್, ಮಾತು ಚೆನ್ನಾಗಿದೆ. ಆದರೆ ದೇವರು ನರಳುತ್ತಾನೆ ಎಂದು ಹೇಳುವಾಗ ಹುಷಾರಾಗಿರಬೇಕು. ದೈವಸ್ವಭಾವ ನೋವಿಗೆ ಒಳಗಾಗದು ಎಂಬುದು ಹಳೆಯ ಸಭೆಯ ಬೋಧನೆ. ಕ್ರಿಸ್ತನು ಒಬ್ಬನೇ, ಸ್ವಭಾವಗಳು ಎರಡು ಎಂದು 451ರಲ್ಲಿ ಕಾಲ್ಸೆಡನ್ ಊರಲ್ಲಿ ಸೇರಿದ ಬಿಷಪರ ಮಹಾಸಭೆ ತೀರ್ಮಾನಿಸಿತು. ನರಳಿದವನು ದೇವರ ಮಗನೇ, ಆದರೆ ತಾನು ತೊಟ್ಟ ಮಾನುಷ ಸ್ವಭಾವದಲ್ಲಿ. ದೇವರೂ ನಮ್ಮ ಹಾಗೆ ಕೈಸೋತು ನರಳಿದ ಅಂದರೆ ಬಿಡಿಸುವವರು ಯಾರು?

ಬಿಳಿಕೊಡೆ

ಅದು ನಮ್ಮ ಬೋಧನೆ ಕೂಡ, ತಕರಾರಿಲ್ಲ. ಮೋಲ್ಟ್‌ಮನ್ ಥರದ ದೇವತಾಶಾಸ್ತ್ರಜ್ಞರು 1972ರಿಂದ ಅದನ್ನು ಪ್ರಶ್ನಿಸಿದ್ದಾರೆ, ನಾನು ಅಷ್ಟು ದೂರ ಹೋಗಲ್ಲ. ಶಿಲುಬೆಯಿಂದ ಇಳಿದು ಬಂದಿದ್ದು ಹೆಣ ಮಾತ್ರ ಆಗಿದ್ದರೆ ನೀವು ಹೇಳಿದ್ದು ನಿಜ. ಯೇಸು ಸಾವಿನಿಂದ ಎದ್ದ ಮೂರನೇ ದಿನ ಇದೆಯಲ್ಲ. ಎದ್ದ ಮೇಲೂ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು, ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ.

ತುಂತುರು

ಎಲ್ಲರಿಗೂ ಥ್ಯಾಂಕ್ಸ್. ನನಗೆ ಇನ್ನೊಂದು ಕಾಡುತ್ತೆ. ಅಷ್ಟೊಂದು ಜನ ಉಪವಾಸ ಇದ್ದು ಪ್ರಾರ್ಥಿಸುತ್ತಿದ್ದಾರೆ. ಗುಣ ಆಗದಿದ್ದರೆ ನಂಬಿಕೆ ಸಾಲಲಿಲ್ಲ ಎಂದು ಈಗಲೇ ಒಬ್ಬರು ಪಿಸುಗುಟ್ಟಿದ್ದಾರೆ. ಮತ್ತೆ, ಅವರ ಮನೆಗೆ ಹೋದಾಗ ನಾನು ಏನು ಮಾತಾಡಲಿ?

ಹಳೇಪೆನ್ಸಿಲ್

ಶಿಲುಬೆಗೆ ಮೊದಲು ಗೆತ್ಸೇಮನೆ ತೋಟದಲ್ಲಿ ಯೇಸು ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ನನ್ನಿಂದ ತೊಲಗಲಿ ಎಂದು ಬೇಡಿದ. ತೊಲಗಲಿಲ್ಲ. ಪೌಲ ತನ್ನ ಶರೀರದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿದ. ಹೋಗಲಿಲ್ಲ. ಇವರಿಬ್ಬರಿಗೂ ನಂಬಿಕೆ ಸಾಲಲಿಲ್ಲ ಅನ್ನುವವರು ಯಾರಾದರೂ ಇದ್ದರೆ ನನಗೆ ನೋಡಬೇಕು.

ರಾತ್ರಿಪಾಳಿ

ಏನು ಮಾತಾಡಲಿ ಅಂದಿರಲ್ಲ ಅಕ್ಕಾ. ಯೋಬನ ಗೆಳೆಯರು ಒಂದು ಸರಿಯಾದ ಕೆಲಸ ಮಾಡಿದ್ದರು, ಬಂದ ಹೊಸದರಲ್ಲಿ ಏಳು ದಿನ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತಿದ್ದರು. ಬಾಯಿ ಬಿಟ್ಟ ಮೇಲೇ ಎಲ್ಲ ಕೆಟ್ಟದ್ದು.

ನಾನು ಕಂಡಂತೆ, "ಏನಾದರೂ ಬೇಕಿದ್ದರೆ ಹೇಳಿ" ಎಂದರೆ ಯಾರೂ ಹೇಳಲ್ಲ. ಅವರಿಗೆ ಯೋಚಿಸುವ ಶಕ್ತಿಯೂ ಇರಲ್ಲ. "ಗುರುವಾರ ಆಸ್ಪತ್ರೆಯಲ್ಲಿ ರಾತ್ರಿ ನಾನು ಇರುತ್ತೇನೆ, ನೀವು ಮನೆಗೆ ಹೋಗಿ ನಿದ್ದೆ ಮಾಡಿ" ಎನ್ನಿ. ದೊಡ್ಡ ಮಗು ಇದ್ದರೆ ಅದನ್ನು ಶಾಲೆಯಿಂದ ಕರೆತನ್ನಿ, ಅದನ್ನು ಎಲ್ಲರೂ ಮರೆತಿರುತ್ತಾರೆ. ಕೀಮೋ ನಡೆಯುವಾಗ ಮಗುವಿಗೆ ಸೋಂಕು ಬೇಗ ತಗಲುತ್ತೆ. ನೆಗಡಿ ಇದ್ದರೆ ಹೋಗಬೇಡಿ, ಗುಂಪು ಕಟ್ಟಿಕೊಂಡು ಪ್ರಾರ್ಥನೆಗೂ ಹೋಗಬೇಡಿ. ಬಾಗಿಲಾಚೆ ನಿಂತು ಪ್ರಾರ್ಥಿಸಿದರೂ ದೇವರಿಗೆ ಕೇಳುತ್ತೆ.

ಇನ್ನೊಂದು ಮಾತು. ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರ್ ಹೆಚ್ಚಿನ ಸಲ ಯಾರ ತಪ್ಪಿನಿಂದಲೂ ಬಂದದ್ದಲ್ಲ, ಮೂಳೆಮಜ್ಜೆಯ ಜೀವಕೋಶದಲ್ಲಿ ಆಗುವ ಬದಲಾವಣೆ. ಅದರಲ್ಲೂ ಮಕ್ಕಳಲ್ಲಿ ಹೆಚ್ಚು ಕಾಣುವ ಬಗೆಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ. ತಾಯಿಗೆ ಪಾಪದ ಚಿಂತೆ ಹಚ್ಚಿ ಚಿಕಿತ್ಸೆ ನಿಲ್ಲಿಸುವ ಮಟ್ಟಕ್ಕೆ ತಂದರೆ ಅದು ದೊಡ್ಡ ಪಾಪ.

ಸಾಲುಮರ

ರಾತ್ರಿಪಾಳಿಯವರು ಹೇಳಿದ್ದಕ್ಕೆ ಒಂದು ಸಣ್ಣ ಸೇರ್ಪಡೆ. ಸಿ.ಎಸ್. ಲೂಯಿಸ್ ಎಂಬ ಕ್ರೈಸ್ತ ಲೇಖಕರು 1940ರಲ್ಲಿ ನೋವಿನ ಸಮಸ್ಯೆಗೆ ಅಚ್ಚುಕಟ್ಟಾದ ವಾದಗಳ ಒಂದು ಪುಸ್ತಕ ಬರೆದರು. 1960ರಲ್ಲಿ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷ ಬಂದ ಪುಸ್ತಕದಲ್ಲಿ ಬರೀ ಸಂಕಟ, ಸಿಟ್ಟು, ಮುಚ್ಚಿದ ಬಾಗಿಲು ಬಡಿಯುವ ಮನುಷ್ಯ. ಸ್ವಂತ ಹೆಸರು ಕೂಡ ಹಾಕಿರಲಿಲ್ಲ. ನಂಬಿಕೆ ಬಿಡಲಿಲ್ಲ, ಆದರೆ ಮೊದಲಿನ ಅಚ್ಚುಕಟ್ಟು ಉಳಿಯಲಿಲ್ಲ. ನನಗೆ ಎರಡನೆಯದೇ ಹೆಚ್ಚು ನಿಜ ಅನ್ನಿಸುತ್ತೆ.

ಪ್ರಶ್ನೆಚಿಹ್ನೆ

ಕಾಯಿಲೆಯ ವಿಷಯ ಬಿಡೋಣ. ನ್ಯಾಯ ಅಂದಿರಲ್ಲ, ನನ್ನ ನಿಜವಾದ ಸಿಟ್ಟು ಅಲ್ಲಿದೆ. ಶಿಲುಬೆಯ ಪಕ್ಕದ ಕಳ್ಳ ಕೊನೇ ಗಳಿಗೆಯಲ್ಲಿ ಒಂದು ಮಾತು ಹೇಳಿ ಸ್ವರ್ಗಕ್ಕೆ ಹೋದ. ಅವನ ಕೈಯಲ್ಲಿ ನಲುಗಿದವರು? ಮನೆಯೊಳಗೇ ಹೊಡೆತ ತಿಂದ ಹೆಂಗಸಿಗೆ "ಏಳೆಪ್ಪತ್ತು ಸಲ ಕ್ಷಮಿಸು" ಎಂದು ಬೋಧಿಸಿ ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಹೊಡೆದವನು ಮುಂದಿನ ಭಾನುವಾರ ಮುಂದಿನ ಸಾಲಲ್ಲಿ ಕೂತು ಸಾಕ್ಷಿ ಹೇಳಿದ. ಇದು ದೇವರ ನ್ಯಾಯ ಆದರೆ ನನಗೆ ಬೇಡ.

ಮುಂಗೋಳಿ

ಈ ಒಂದು ವಿಷಯದಲ್ಲಿ ನಾನು ನಿಮ್ಮ ಪಕ್ಕ. ಕ್ಷಮೆ ಅಂದರೆ ತಪ್ಪಿತಸ್ಥನಿಗೆ ಕೊಡುವ ರಜಾಚೀಟಿ ಅಲ್ಲ. ಸುಂಕದವನಾದ ಜಕ್ಕಾಯ ಬರೀ ಅತ್ತು ಸುಮ್ಮನಾಗಲಿಲ್ಲ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದ. ರಕ್ಷಣೆ ಈ ಮನೆಗೆ ಬಂತು ಎಂದು ಯೇಸು ಹೇಳಿದ್ದು ಅದಾದ ಮೇಲೆ. ನಿನ್ನ ಮೇಲೆ ಸಹೋದರನಿಗೆ ಏನಾದರೂ ದೂರಿದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸರಿಮಾಡಿಕೊ ಎಂಬ ಮಾತೂ ಇದೆ. ನೀವು ಹೇಳಿದ ಆ ಮನುಷ್ಯ ಸಾಕ್ಷಿ ಹೇಳುವ ಮೊದಲು ಎದ್ದು ಹೋಗಬೇಕಿತ್ತು. ಹೊಡೆತ ಅಪರಾಧ, ಪೊಲೀಸರಿಗೆ ಹೇಳಬೇಕಾದ ವಿಷಯ. ದಂಡಿಸುವ ಅಧಿಕಾರ ದೇವರು ಸರ್ಕಾರಕ್ಕೆ ಕೊಟ್ಟಿದ್ದಾನೆ ಎಂದು ಪೌಲನೇ ಬರೆದಿದ್ದಾನೆ.

ಹಳೇಪೆನ್ಸಿಲ್

ಪ್ರಶ್ನೆಚಿಹ್ನೆಯವರೇ, ಕಳ್ಳನ ವಿಷಯ ನೀವು ಕೇಳಿದ್ದು ನ್ಯಾಯವಾಗಿದೆ. ಅವನು ಕೊಟ್ಟ ನೋವು ಅವನ ಕ್ಷಮೆಯಿಂದ ಅಳಿಸಿಹೋಯಿತು ಎಂದು ಯಾರೂ ಹೇಳಬಾರದು. ಅಣ್ಣನ ಕೈಯಲ್ಲಿ ಕೊಲೆಯಾದ ಹೇಬೆಲನ ರಕ್ತ ನೆಲದಿಂದ ಕೂಗುತ್ತದೆ ಎಂದು ಬೈಬಲ್‌ನ ಶುರುವಿನಲ್ಲೇ ಇದೆ. ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಕೊಲೆಯಾದವರು ಸ್ವರ್ಗದಲ್ಲಿ ನಿಂತು "ಇನ್ನೂ ಎಷ್ಟರವರೆಗೆ" ಎಂದು ಕೇಳುತ್ತಾರೆ. ಸ್ವರ್ಗ ಸೇರಿದ ಮೇಲೂ ಅವರಿಗೆ ನ್ಯಾಯ ಬೇಕು. ಅವರನ್ನು ಯಾರೂ ಗದರಿಸುವುದಿಲ್ಲ, ಇನ್ನು ಸ್ವಲ್ಪ ಕಾಲ ಕಾಯಿರಿ ಎನ್ನುತ್ತಾರೆ. ಕಡೇ ತೀರ್ಪು ಅಂದರೆ ನಮ್ಮಲ್ಲಿ ಹೆದರಿಸುವುದಕ್ಕೇ ಬಳಸುತ್ತೇವೆ. ತುಳಿಸಿಕೊಂಡವರಿಗೆ ಅದು ಭರವಸೆ, ಯಾರ ಕೇಸೂ ಕಡತದಲ್ಲೇ ಕೊಳೆಯಲ್ಲ ಅಂತ.

ಅಲ್ಲಿವರೆಗೆ? ಲೂಕ 18ರಲ್ಲಿ ಒಬ್ಬ ವಿಧವೆ ಇದ್ದಾಳೆ. ದೇವರಿಗೂ ಹೆದರದ, ಜನಕ್ಕೂ ಲಕ್ಷ್ಯ ಕೊಡದ ನ್ಯಾಯಾಧೀಶನ ಬಾಗಿಲಿಗೆ ದಿನಾ ಹೋಗಿ ನನಗೆ ನ್ಯಾಯ ಕೊಡಿ ಎನ್ನುತ್ತಾಳೆ. ಇವಳ ಕಾಟ ತಡೆಯಲಾರದೆ ಅವನು ಕೊಟ್ಟ. ಯೇಸು ಇದನ್ನು ಪ್ರಾರ್ಥನೆಗೆ ಮಾದರಿಯಾಗಿ ಹೇಳಿದ. ಅವಳಿಗೆ "ಎದುರಾಳಿಯನ್ನು ಕ್ಷಮಿಸಿ ಮನೆಗೆ ಹೋಗಮ್ಮ" ಎಂದು ಎಲ್ಲೂ ಹೇಳಿಲ್ಲ.

ಪ್ರಶ್ನೆಚಿಹ್ನೆ

ಆ ವಿಧವೆ ನನಗೂ ಇಷ್ಟವಾದಳು. ದೇವರು ಇಲ್ಲದೆಯೂ ಅವಳು ಹೋಗುತ್ತಿದ್ದಳು ಎಂದು ನನ್ನ ಅನಿಸಿಕೆ.

ಹಳೇಪೆನ್ಸಿಲ್

ಇರಬಹುದು. ನ್ಯಾಯಾಧೀಶನೂ ಕೊನೆವರೆಗೆ ದೇವರಿಗೆ ಹೆದರಲಿಲ್ಲ, ತೀರ್ಪು ಮಾತ್ರ ಕೊಟ್ಟ.

ತುಂತುರು

ಗುರುವಾರ ರಾತ್ರಿ ಆಸ್ಪತ್ರೆಯಲ್ಲಿ ನಾನಿರುತ್ತೇನೆ ಎಂದು ಅವರಿಗೆ ಮೆಸೇಜ್ ಹಾಕಿದೆ. "ಶುಕ್ರವಾರ ಆಗುತ್ತಾ? ಗುರುವಾರ ನನ್ನ ತಂಗಿ ಬರ್ತಾಳೆ" ಎಂದು ಉತ್ತರ ಬಂತು. ಆ ಹಿರಿಯರ ಹತ್ತಿರ ಯಾರು ಮಾತಾಡಬೇಕು ಅನ್ನೋದು ಇನ್ನೂ ಬಾಕಿ. ಮುಂಗೋಳಿ ಬ್ರದರ್, ನಿಮ್ಮ ಮಾತಿಗೆ ಅವರು ಬೆಲೆ ಕೊಟ್ಟಾರು ಅನ್ನಿಸುತ್ತೆ. ದಾವೀದನ ಪ್ರಸಂಗ ಎತ್ತಿದರೆ ನಾನು ಏನು ಹೇಳಬೇಕು ಅಂತ ಬರೆದುಕೊಡ್ತೀರಾ?